ಮೂಳೆ ಮುರಿದ ಮೊದಲ ಗಂಟೆ: ರಕ್ತನಾಳದ ಮೂಲಕ ಕೊಡುವ ನೋವು ನಿವಾರಕಗಳ ಹೋಲಿಕೆ



ಮೂಳೆ ಮುರಿದು ಆಸ್ಪತ್ರೆಗೆ ಬಂದವರ ಮೊದಲ ಒಂದು ಗಂಟೆ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ ತರಹ ಸಾಗುತ್ತದೆ. ಆಂಬ್ಯುಲೆನ್ಸಿನ ಸ್ಟ್ರೆಚರಿನಿಂದ ಕ್ಯಾಶುವಾಲ್ಟಿಯ ಮಂಚಕ್ಕೆ ಎತ್ತುತ್ತಾರೆ. ಬಟ್ಟೆ ಕತ್ತರಿಸುತ್ತಾರೆ. ಕೈಗೆ ಸೂಜಿ ಹಾಕಿ ಡ್ರಿಪ್ ಏರಿಸುತ್ತಾರೆ. ಎಕ್ಸ್-ರೇ ಕೋಣೆಗೆ ತಳ್ಳಿಕೊಂಡು ಹೋಗಿ, ಅಲ್ಲಿನ ಗಟ್ಟಿ ಮೇಜಿಗೆ ಮತ್ತೊಮ್ಮೆ ಎತ್ತಿ ಮಲಗಿಸಿ, ಕಾಲನ್ನು ಒಮ್ಮೆ ನೇರವಾಗಿ, ಒಮ್ಮೆ ಪಕ್ಕಕ್ಕೆ ತಿರುಗಿಸುತ್ತಾರೆ. ವಾಪಸು ಬಂದ ಮೇಲೆ ಎಳೆದು ಸರಿಪಡಿಸಿ ಪಿ.ಓ.ಪಿ. ಸ್ಲ್ಯಾಬ್ ಹಾಕುತ್ತಾರೆ. ಈ ಪ್ರತಿಯೊಂದು ಹಂತದಲ್ಲೂ ಮುರಿದ ಎರಡು ತುದಿಗಳು ಅಲುಗುತ್ತವೆ, ಒಂದಕ್ಕೊಂದು ಉಜ್ಜುತ್ತವೆ. ಆ ಗಂಟೆಯಲ್ಲಿ ರಕ್ತನಾಳದ ಮೂಲಕ ಕೊಡಬಹುದಾದ ಔಷಧಗಳು ಯಾವುವು, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದಾಗ ಏನು ಕಾಣುತ್ತದೆ ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಕಳೆದ ಮೂರು ದಶಕಗಳಲ್ಲಿ ತುರ್ತು ಚಿಕಿತ್ಸೆಯ ಸಂಶೋಧಕರು ಈ ಔಷಧಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು ಪರೀಕ್ಷಿಸಿದ್ದಾರೆ. ಮಾರ್ಫಿನ್ ಎದುರು ಪ್ಯಾರಾಸಿಟಮಾಲ್, ಮಾರ್ಫಿನ್ ಎದುರು ಕೆಟಮಿನ್, ಮಾರ್ಫಿನ್ ಎದುರು ಟ್ರಮಡಾಲ್. ಇವುಗಳಲ್ಲಿ ಬಹಳಷ್ಟು ಪ್ರಯೋಗಗಳ ಫಲಿತಾಂಶ ಓದುಗರಿಗೆ ನಿರಾಸೆ ತರುವಂತಿದೆ: ಅರ್ಧ ಗಂಟೆಯ ಹೊತ್ತಿಗೆ ಎರಡೂ ಗುಂಪಿನವರ ನೋವು ಸರಿಸುಮಾರು ಅಷ್ಟಷ್ಟೇ ಇಳಿದಿತ್ತು. ಹಾಗಾದರೆ ಹೋಲಿಕೆ ವ್ಯರ್ಥವೇ? ಅಲ್ಲ. ಈ ಫಲಿತಾಂಶಗಳು ಹೇಳುವ ಮಾತು ಬೇರೆ ಇದೆ. ಒಂದು ಔಷಧಕ್ಕೂ ಇನ್ನೊಂದಕ್ಕೂ ಇರುವ ಅಂತರಕ್ಕಿಂತ, ಹೊತ್ತಿಗೆ ಸರಿಯಾಗಿ ಕೊಡುವುದಕ್ಕೂ ತಡವಾಗಿ ಕೊಡುವುದಕ್ಕೂ, ಒಮ್ಮೆ ಕೊಟ್ಟು ಮರೆಯುವುದಕ್ಕೂ ಮತ್ತೆ ಹೋಗಿ ಕೇಳಿ ಕೊಡುವುದಕ್ಕೂ ಇರುವ ಅಂತರ ದೊಡ್ಡದು. ಯಾವ ಔಷಧವಾದರೂ ನಡೆದೀತು ಎಂದು ಇದರ ಅರ್ಥವಲ್ಲ. ಆಯ್ಕೆ ಮಾಡಬೇಕಾದದ್ದು ಔಷಧದ ಶಕ್ತಿಯನ್ನು ನೋಡಿ ಅಲ್ಲ, ಮಂಚದ ಮೇಲಿರುವ ವ್ಯಕ್ತಿಯ ಕಿಡ್ನಿ, ಹೊಟ್ಟೆ, ರಕ್ತದೊತ್ತಡ, ವಯಸ್ಸುಗಳನ್ನು ನೋಡಿ.

ಮೊದಲು ನೋವಿನ ದಾರಿಯನ್ನು ಸ್ವಲ್ಪ ಗಮನಿಸೋಣ. ಮೂಳೆಯ ಗಟ್ಟಿ ಭಾಗಕ್ಕಿಂತ ಅದನ್ನು ಸುತ್ತಿಕೊಂಡಿರುವ ತೆಳು ಪೊರೆಯಲ್ಲಿ ನೋವಿನ ನರತಂತುಗಳು ಹೆಚ್ಚು ಒತ್ತಾಗಿವೆ. ಮೂಳೆ ಮುರಿದಾಗ ಈ ಪೊರೆ ಹರಿಯುತ್ತದೆ. ವೇಗವಾಗಿ ಸುದ್ದಿ ಒಯ್ಯುವ ತಂತುಗಳು ಚುಚ್ಚಿದಂಥ, ಇಂಥದೇ ಜಾಗ ಎಂದು ತೋರಿಸಬಹುದಾದ ನೋವನ್ನು ತಕ್ಷಣ ಮುಟ್ಟಿಸುತ್ತವೆ. ನಿಧಾನದ ತಂತುಗಳು ಆಮೇಲೆ ಬರುವ, ಹರಡಿಕೊಂಡ, ಮಿಡಿಯುವ ನೋವನ್ನು ತರುತ್ತವೆ. ಗಾಯವಾದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳು ತಯಾರಾಗಿ ಆ ತಂತುಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ. ಸುತ್ತಲಿನ ಸ್ನಾಯುಗಳು ಸೆಟೆದುಕೊಂಡು ಮುರಿದ ತುದಿಗಳನ್ನು ಎಳೆಯುತ್ತವೆ. ಇಷ್ಟು ಹೊತ್ತಿಗೆ ಬೆನ್ನುಹುರಿಯ ನರಕೋಶಗಳೂ ಕೆರಳಿ, ಸಣ್ಣ ಸಂಕೇತವನ್ನೂ ದೊಡ್ಡದಾಗಿ ಮೇಲಕ್ಕೆ ಕಳಿಸತೊಡಗುತ್ತವೆ. ನೋವಿಗೆ ತಡವಾಗಿ ಔಷಧ ಕೊಟ್ಟರೆ ಹೆಚ್ಚು ಪ್ರಮಾಣ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಔಷಧಗಳು ಈ ದಾರಿಯ ಬೇರೆ ಬೇರೆ ಜಾಗಗಳಲ್ಲಿ ತಡೆ ಒಡ್ಡುತ್ತವೆ. ಡೈಕ್ಲೋಫಿನಾಕ್, ಕೀಟೊರೊಲ್ಯಾಕ್‌ಗಳು ಗಾಯದ ಜಾಗದಲ್ಲೇ ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ. ಆಸ್ಪಿರಿನ್ ಬಳಗದ ಔಷಧಗಳು ಹೀಗೆ ಕೆಲಸ ಮಾಡುತ್ತವೆಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಕೆಟಮಿನ್ ಬೆನ್ನುಹುರಿಯ ಮತ್ತು ಮಿದುಳಿನ ಎನ್‌ಎಂಡಿಎ ಗ್ರಾಹಕಗಳನ್ನು ಮುಚ್ಚುತ್ತದೆ. ಮಾರ್ಫಿನ್ ಮತ್ತು ಫೆಂಟನಿಲ್‌ಗಳು ಒಪಿಯಾಯ್ಡ್ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಪ್ಯಾರಾಸಿಟಮಾಲ್ ಮುಖ್ಯವಾಗಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ಕೆಲಸ ಮಾಡುತ್ತದೆ. ಒಂದೇ ಔಷಧವನ್ನು ಏರಿಸುತ್ತಾ ಹೋಗುವುದಕ್ಕಿಂತ, ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡುವ ಎರಡನ್ನು ಸಣ್ಣ ಪ್ರಮಾಣದಲ್ಲಿ ಸೇರಿಸುವುದು ಲೇಸು ಎಂಬ ಇಂದಿನ ಪದ್ಧತಿಗೆ ಆಧಾರ ಇದೇ.

ಇನ್ನು, ರಕ್ತನಾಳದ ಮೂಲಕವೇ ಏಕೆ? ನಮ್ಮಲ್ಲಿ ಸೊಂಟಕ್ಕೆ ಇಂಜೆಕ್ಷನ್ ಕೊಡುವ ರೂಢಿ ಬಲವಾಗಿದೆ; ರೋಗಿಗಳೂ ಅದನ್ನೇ ಕೇಳುತ್ತಾರೆ. ಆ ರೂಢಿಯ ಅಪಾಯದ ಬಗ್ಗೆ ಎರಡನೇ ಮಹಾಯುದ್ಧ ಕಲಿಸಿದ ಪಾಠವೊಂದಿದೆ. ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಇಟಲಿಯ ರಣರಂಗದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದರು. ಚಳಿಯಲ್ಲಿ ಬಿದ್ದು, ರಕ್ತ ಕಳೆದುಕೊಂಡು, ಮೈ ತಣ್ಣಗಾದ ಸೈನಿಕರಿಗೆ ಚರ್ಮದಡಿ ಮಾರ್ಫಿನ್ ಚುಚ್ಚುತ್ತಿದ್ದರು. ನೋವು ಇಳಿಯುತ್ತಿರಲಿಲ್ಲ. ಮುಂದಿನ ಠಾಣ್ಯದಲ್ಲಿ ಮತ್ತೊಂದು ಚುಚ್ಚುತ್ತಿದ್ದರು, ಅದರಾಚೆ ಇನ್ನೊಂದು. ಕೊನೆಗೆ ಆಸ್ಪತ್ರೆ ತಲುಪಿ, ರಕ್ತ ಏರಿಸಿ, ಮೈ ಬೆಚ್ಚಗಾದಾಗ, ಅಷ್ಟು ಹೊತ್ತು ಚರ್ಮದಡಿ ನಿಂತಿದ್ದ ಮಾರ್ಫಿನ್ ಎಲ್ಲವೂ ಒಟ್ಟಿಗೆ ರಕ್ತಕ್ಕೆ ಹರಿದು ಉಸಿರನ್ನೇ ಕುಗ್ಗಿಸುತ್ತಿತ್ತು. ತಡವಾಗಿ ಏರುವ ಈ ಮಾರ್ಫಿನ್ ವಿಷದ ಬಗ್ಗೆ ಬೀಚರ್ 1944ರಲ್ಲಿ ಬರೆದರು. ಮೂಳೆ ಮುರಿತಕ್ಕೂ ಇದು ನೇರವಾಗಿ ಅನ್ವಯಿಸುತ್ತದೆ. ತೊಡೆಮೂಳೆ ಒಂದು ಮುರಿದರೂ ತೊಡೆಯೊಳಗೆ ಒಂದು ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ತುಂಬಿಕೊಳ್ಳಬಹುದು. ಅಂಥವರ ಸ್ನಾಯುವಿಗೆ ಕೊಟ್ಟ ಔಷಧ ಯಾವಾಗ ಏರುತ್ತದೆ, ಎಷ್ಟು ಏರುತ್ತದೆ ಎಂದು ಯಾರೂ ಹೇಳಲಾರರು. ರಕ್ತನಾಳಕ್ಕೆ ಕೊಟ್ಟರೆ ನಿಮಿಷಗಳಲ್ಲಿ ಪರಿಣಾಮ ಕಾಣುತ್ತದೆ, ಕಂಡಷ್ಟಕ್ಕೆ ನಿಲ್ಲಿಸಬಹುದು.

ಮಾರ್ಫಿನ್‌ಗೆ ಎರಡು ಶತಮಾನಗಳ ಇತಿಹಾಸವಿದೆ. ಜರ್ಮನಿಯ ಔಷಧ ತಯಾರಕ ಫ್ರೀಡ್ರಿಷ್ ಸರ್ಟ್ಯುರ್ನರ್ 19ನೇ ಶತಮಾನದ ಆರಂಭದಲ್ಲಿ ಅಫೀಮಿನಿಂದ ಅದನ್ನು ಬೇರ್ಪಡಿಸಿದರು. ಟೊಳ್ಳು ಸೂಜಿಯ ಸಿರಿಂಜು ಬಂದದ್ದು 1853ರ ಸುಮಾರಿಗೆ. ಇಂದಿಗೂ ಬೇರೆಲ್ಲ ಔಷಧಗಳನ್ನು ಅಳೆಯುವುದು ಮಾರ್ಫಿನ್ ಪಕ್ಕ ಇಟ್ಟೇ. ಆದರೆ ಆ ಅಳತೆಗೋಲನ್ನು ಬಳಸುವ ರೀತಿಯಲ್ಲೇ ಒಂದು ತೊಡಕಿದೆ. ಪುಸ್ತಕಗಳು ಹೇಳುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ. ನ್ಯೂಯಾರ್ಕಿನ ಸಂಶೋಧಕರು ತೀವ್ರ ನೋವಿನಿಂದ ಬಂದ 119 ಮಂದಿಗೆ ಇಷ್ಟನ್ನು ಕೊಟ್ಟು ಅರ್ಧ ಗಂಟೆಯ ನಂತರ ಕೇಳಿದಾಗ, ಶೇಕಡಾ 67 ಮಂದಿಯಲ್ಲಿ ನೋವು ಅರ್ಧದಷ್ಟೂ ಇಳಿದಿರಲಿಲ್ಲ. 2005ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೆ ಅದು ಎತ್ತಿದ ಪ್ರಶ್ನೆ ದೊಡ್ಡದು. ಈ ಪ್ರಮಾಣ ಮುಕ್ತಾಯವಲ್ಲ, ಪ್ರಾರಂಭ ಎಂದಲ್ಲವೇ?

ಹಾಗಾಗಿ ಬಲ್ಲವರು ಮಾರ್ಫಿನ್ ಕೊಡುವ ಕ್ರಮವೇ ಬೇರೆ. 10 ಮಿಲಿಗ್ರಾಂ ಔಷಧವನ್ನು ಸಲೈನ್ ಸೇರಿಸಿ 10 ಮಿಲಿಲೀಟರ್ ಮಾಡಿಕೊಳ್ಳುತ್ತಾರೆ. ಒಂದು ಗೆರೆಗೆ ಒಂದು ಮಿಲಿಗ್ರಾಂ. ಸಿರಿಂಜಿನ ಮೇಲೆ ಹೆಸರು, ಪ್ರಮಾಣ ಬರೆದು ಅಂಟಿಸುತ್ತಾರೆ. ಎರಡು ಅಥವಾ ಮೂರು ಮಿಲಿಗ್ರಾಂ ನಿಧಾನವಾಗಿ ಕೊಟ್ಟು ಐದು ನಿಮಿಷ ಕಾಯುತ್ತಾರೆ. ಕಾಯುವಾಗ ಎದೆ ಏರಿಳಿಯುವುದನ್ನು ಎಣಿಸುತ್ತಾರೆ, ಬೆರಳಿನ ಆಕ್ಸಿಜನ್ ಕ್ಲಿಪ್ ನೋಡುತ್ತಾರೆ, ರೋಗಿಯನ್ನು ಮಾತಾಡಿಸುತ್ತಾರೆ. ನೋವು ಸೊನ್ನೆಯಿಂದ ಹತ್ತರೊಳಗೆ ಈಗ ಎಷ್ಟು ಎಂದು ಕೇಳುತ್ತಾರೆ. ಎಂಟು ಎಂದರೆ ಮತ್ತೆ ಎರಡು ಮಿಲಿಗ್ರಾಂ. ಐದಕ್ಕೆ ಇಳಿದು, ಕಣ್ಣು ತೂಗತೊಡಗಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ತೂಕಡಿಕೆ ಉಸಿರು ಕುಗ್ಗುವುದಕ್ಕೆ ಮೊದಲು ಸಿಗುವ ಮುನ್ಸೂಚನೆ. ಅದನ್ನು ನೋಡುವ ಮನುಷ್ಯ ಮಂಚದ ಪಕ್ಕ ಇದ್ದರೆ ಅಪಾಯ ಬಹುಮಟ್ಟಿಗೆ ದೂರ. ಕೈಗೆಟಕುವಲ್ಲಿ ನಲಾಕ್ಸೋನ್ ಎಂಬ ಪ್ರತ್ಯೌಷಧ ಇಟ್ಟುಕೊಂಡಿರುತ್ತಾರೆ. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಇಪ್ಪತ್ತು ನಿಮಿಷ ಬೇರೆ ಕಡೆ ಓಡದೆ ನಿಲ್ಲಬಲ್ಲ ಒಬ್ಬ ಸಿಸ್ಟರ್. ನಮ್ಮ ಆಸ್ಪತ್ರೆಗಳಲ್ಲಿ ಅತಿ ವಿರಳವಾದ ಸಂಪನ್ಮೂಲವೂ ಅದೇ.

ಮಾರ್ಫಿನ್‌ನ ದೋಷಗಳು ಗೊತ್ತಿರುವಂಥವೇ: ಓಕರಿಕೆ, ತುರಿಕೆ, ರಕ್ತದೊತ್ತಡ ಇಳಿಯುವುದು. ಕಿಡ್ನಿ ಕೆಟ್ಟವರಲ್ಲಿ ಅದರಿಂದ ಹುಟ್ಟುವ ಇನ್ನೊಂದು ಸಕ್ರಿಯ ರಾಸಾಯನಿಕ ಹೊರಹೋಗದೆ ಉಳಿದು, ಗಂಟೆಗಳ ನಂತರವೂ ಮಂಪರು ತರಬಲ್ಲದು. ಅಂಥವರಿಗೆ ಫೆಂಟನಿಲ್ ವಾಸಿ. 1960ರ ಸುಮಾರಿಗೆ ಬೆಲ್ಜಿಯಂನಲ್ಲಿ ಪೌಲ್ ಜಾನ್ಸೆನ್ ಅವರ ತಂಡ ತಯಾರಿಸಿದ ಈ ಔಷಧ ತೂಕಕ್ಕೆ ತೂಕ ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಪ್ರಬಲ. ಮಿಲಿಗ್ರಾಂನಲ್ಲಲ್ಲ, ಮೈಕ್ರೋಗ್ರಾಂನಲ್ಲಿ ಕೊಡುವಂಥದು. ಅದರ ನಿಜವಾದ ಗುಣ ಶಕ್ತಿಯಲ್ಲ, ವೇಗ. ಒಂದೆರಡು ನಿಮಿಷದಲ್ಲಿ ಹಿಡಿಯುತ್ತದೆ, ಅರ್ಧದಿಂದ ಒಂದು ಗಂಟೆಯಲ್ಲಿ ಬಿಡುತ್ತದೆ. ಎಳೆದು ಸ್ಲ್ಯಾಬ್ ಹಾಕುವ ಹತ್ತು ನಿಮಿಷಕ್ಕೆ ಇದಕ್ಕಿಂತ ಹೊಂದುವ ಒಪಿಯಾಯ್ಡ್ ಸಿಗದು. ಆದರೆ ಅದನ್ನೊಂದೇ ಕೊಟ್ಟು ವಾರ್ಡಿಗೆ ಕಳಿಸಿದರೆ, ವಾರ್ಡು ಮುಟ್ಟುವ ಹೊತ್ತಿಗೆ ನೋವು ಮೊದಲಿನಂತೆ ಮರಳಿರುತ್ತದೆ. ಮಾರ್ಫಿನ್ ಮೂರು ನಾಲ್ಕು ಗಂಟೆ ನಿಲ್ಲುತ್ತದೆ, ಆದರೆ ಅದರ ಪೂರ್ಣ ಪರಿಣಾಮಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಎಕ್ಸ್-ರೇಗೆ ಹೊರಡುವ ಮುಂಚಿನ ಕ್ಷಣದಲ್ಲಿ ಮಾರ್ಫಿನ್ ಕೊಟ್ಟು ಕೂಡಲೇ ಸ್ಟ್ರೆಚರ್ ತಳ್ಳಿದರೆ, ಔಷಧ ಕೊಟ್ಟಂತೆಯೂ ಆಗುತ್ತದೆ, ರೋಗಿ ಎಕ್ಸ್-ರೇ ಮೇಜಿನ ಮೇಲೆ ಕೂಗಿದಂತೆಯೂ ಆಗುತ್ತದೆ.

ಪ್ಯಾರಾಸಿಟಮಾಲ್ ಎಂದರೆ ಜ್ವರದ ಮಾತ್ರೆ ಎಂದೇ ಮನೆಮಾತು. 19ನೇ ಶತಮಾನದಲ್ಲೇ ತಯಾರಾದ ಈ ವಸ್ತು ರಕ್ತನಾಳಕ್ಕೆ ನೇರವಾಗಿ ಕೊಡಬಲ್ಲ ರೂಪದಲ್ಲಿ ಯೂರೋಪಿಗೆ ಬಂದದ್ದು 2000ದ ಈಚೆಗೆ, ಅಮೆರಿಕಕ್ಕೆ 2010ರಲ್ಲಿ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ನೇತುಹಾಕುವ ಪರಿಚಿತ ಬಾಟಲಿ ಅದು: 100 ಮಿಲಿಲೀಟರಿನಲ್ಲಿ 1 ಗ್ರಾಂ, ಹದಿನೈದು ನಿಮಿಷದಲ್ಲಿ ಇಳಿಸಬೇಕು, 50 ಕಿಲೋಗಿಂತ ಕಡಿಮೆ ತೂಕದವರಿಗೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕ, ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರುವಂತಿಲ್ಲ. ಕೈಕಾಲಿನ ಗಾಯಗಳಲ್ಲಿ ಇದನ್ನು ಮಾರ್ಫಿನ್ ಎದುರು ಇಟ್ಟು ಬ್ರಿಟನ್, ಇರಾನ್ ಮೊದಲಾದೆಡೆ ನಡೆದ ಪ್ರಯೋಗಗಳಲ್ಲಿ ನೋವು ಇಳಿದ ಪ್ರಮಾಣ ಹೆಚ್ಚುಕಡಿಮೆ ಸಮನಾಗಿ ಕಂಡಿದೆ. ಓಕರಿಕೆ, ತಲೆಸುತ್ತು ಪ್ಯಾರಾಸಿಟಮಾಲ್ ಗುಂಪಿನಲ್ಲಿ ಕಡಿಮೆ.

ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಈ ಪ್ರಯೋಗಗಳಲ್ಲಿ ಹಲವು ಚಿಕ್ಕವು. ಚಿಕ್ಕ ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರೆ ವ್ಯತ್ಯಾಸವೇ ಇಲ್ಲ ಎಂದಾಗದು. ಅದಕ್ಕಿಂತ ಮುಖ್ಯವಾಗಿ, ಮಾರ್ಫಿನ್ ಗುಂಪಿಗೆ ಸಾಮಾನ್ಯವಾಗಿ ಒಂದೇ ನಿಗದಿತ ಪ್ರಮಾಣ ಕೊಟ್ಟು ಅಲ್ಲಿಗೇ ಅಳೆದಿರುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು ಎಂಬುದೇ ಯಾವ ಔಷಧದ ಹೆಚ್ಚುಗಾರಿಕೆಯೋ, ಅದಕ್ಕೆ ಏರುವ ಅವಕಾಶವನ್ನೇ ಕೊಡದೆ ಹೋಲಿಸಿದಂತಾಯಿತು. ಪ್ಯಾರಾಸಿಟಮಾಲ್‌ಗೆ ಆ ಏರಿಕೆ ಇಲ್ಲ. ಒಂದು ಗ್ರಾಂ ಆದಮೇಲೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಆದ್ದರಿಂದ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟವರಿಗೆ ಈ ಬಾಟಲಿಯೊಂದೇ ಸಾಕಾಗಬಹುದು. ತೊಡೆಮೂಳೆ ಮುರಿದವರಿಗೆ ಇದು ಜೊತೆಗಾರ ಔಷಧ. ಬ್ರಿಟನ್‌ನ ನೈಸ್ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕೈಕಾಲಿನ ಮೂಳೆ ಮುರಿದಿರಬಹುದಾದ ತೀವ್ರ ನೋವಿಗೆ ಎರಡನ್ನೂ ಸೇರಿಸಿಯೇ ಹೇಳುತ್ತದೆ: ರಕ್ತನಾಳದ ಮೂಲಕ ಪ್ಯಾರಾಸಿಟಮಾಲ್, ಅದರೊಂದಿಗೆ ನೋವು ಇಳಿಯುವಷ್ಟು ಮಾರ್ಫಿನ್.

ಡೈಕ್ಲೋಫಿನಾಕ್ ಮತ್ತು ಕೀಟೊರೊಲ್ಯಾಕ್‌ಗಳದು ಇನ್ನೊಂದು ಬಗೆ. ಇವು ಉಸಿರನ್ನು ಕುಗ್ಗಿಸುವುದಿಲ್ಲ, ಚಟ ಹತ್ತಿಸುವುದಿಲ್ಲ, ಊತದ ನೋವಿಗೆ ಚೆನ್ನಾಗಿ ಹಿಡಿಯುತ್ತವೆ. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬ ಭಾವನೆ ಮಾತ್ರ ಇವುಗಳ ವಿಷಯದಲ್ಲಿ ತಪ್ಪು. ಬ್ರೂಕ್ಲಿನ್‌ನ ಆಸ್ಪತ್ರೆಯೊಂದರಲ್ಲಿ 240 ಮಂದಿಯನ್ನು ಮೂರು ಗುಂಪು ಮಾಡಿ 10, 15, 30 ಮಿಲಿಗ್ರಾಂ ಕೀಟೊರೊಲ್ಯಾಕ್ ಕೊಟ್ಟರು. ಮೂರರಲ್ಲೂ ನೋವು ಒಂದೇ ಸಮನಾಗಿ ಇಳಿಯಿತು ಎಂದು 2017ರಲ್ಲಿ ವರದಿಯಾಯಿತು. ಹತ್ತು ಮಿಲಿಗ್ರಾಂ ಮಾಡುವ ಕೆಲಸಕ್ಕೆ ಮೂವತ್ತು ಕೊಡುವುದರಿಂದ ಹೆಚ್ಚುವುದು ಹೊಟ್ಟೆಹುಣ್ಣಿನ, ಕಿಡ್ನಿಯ ಅಪಾಯ ಮಾತ್ರ. ರಕ್ತ ಕಳೆದುಕೊಂಡು ನೀರಿನಂಶ ಇಳಿದವರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತವರಲ್ಲಿ ಈ ಬಳಗವನ್ನು ದೂರವಿಡಬೇಕು. ಮೂಳೆ ಕೂಡುವುದಕ್ಕೂ ಪ್ರೊಸ್ಟಗ್ಲಾಂಡಿನ್ ಬೇಕಾದ್ದರಿಂದ, ಇವು ಕೂಡುವಿಕೆಯನ್ನು ತಡಮಾಡುತ್ತವೆಯೇ ಎಂಬ ಚರ್ಚೆ ದೀರ್ಘಕಾಲದಿಂದ ನಡೆದಿದೆ. ವಾರಗಟ್ಟಲೆ ಕೊಡುವುದರ ಬಗ್ಗೆ ಅಳುಕು ನ್ಯಾಯವಾದದ್ದೇ. ಮೊದಲ ದಿನದ ಒಂದೆರಡು ಡೋಸಿಗೆ ಅದೇ ಅಳುಕನ್ನು ಹೊರಿಸಬೇಕಾಗಿಲ್ಲ.

ಕೆಟಮಿನ್ ಈ ಸಾಲಿನಲ್ಲಿ ವಿಶೇಷ ಗಮನಕ್ಕೆ ಅರ್ಹ. 1962ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದರು, 1964ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು, 1970ರಲ್ಲಿ ಬಳಕೆಗೆ ಅನುಮತಿ ಸಿಕ್ಕಿತು. ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಅದು ಬಳಕೆಯಾಯಿತು. ಉಸಿರಾಟ ಮತ್ತು ರಕ್ತದೊತ್ತಡ ಎರಡನ್ನೂ ಬಹುಮಟ್ಟಿಗೆ ಉಳಿಸಿಕೊಂಡು ಅರಿವಳಿಕೆ ಕೊಡುವ ಔಷಧವಾದ್ದರಿಂದ ಆಕ್ಸಿಜನ್, ವೆಂಟಿಲೇಟರ್ ಕಡಿಮೆ ಇರುವ ಊರುಗಳಲ್ಲಿ ಅದು ಆಸರೆ. ಅರಿವಳಿಕೆಗೆ ಕಿಲೋಗೆ 1ರಿಂದ 2 ಮಿಲಿಗ್ರಾಂ ಬೇಕು. ನೋವಿಗೆ ಬೇಕಾದದ್ದು ಅದರ ಒಂದು ಸಣ್ಣ ಭಾಗ, 0.1ರಿಂದ 0.3 ಮಿಲಿಗ್ರಾಂ. ಅದೇ ಬ್ರೂಕ್ಲಿನ್ ತಂಡ 2015ರಲ್ಲಿ ಹೊಟ್ಟೆ, ಬೆನ್ನು ಮತ್ತು ಸ್ನಾಯು-ಮೂಳೆಗಳ ತೀವ್ರ ನೋವಿನ 90 ಮಂದಿಯಲ್ಲಿ ಕಿಲೋಗೆ 0.3 ಮಿಲಿಗ್ರಾಂ ಕೆಟಮಿನ್ ಅನ್ನು ಕಿಲೋಗೆ 0.1 ಮಿಲಿಗ್ರಾಂ ಮಾರ್ಫಿನ್‌ಗೆ ಹೋಲಿಸಿತು. ಅರ್ಧ ಗಂಟೆಯ ಹೊತ್ತಿಗೆ ಕೆಟಮಿನ್ ಗುಂಪಿನಲ್ಲಿ ಸರಾಸರಿ ನೋವು 8.6ರಿಂದ 4.1ಕ್ಕೆ, ಇನ್ನೊಂದರಲ್ಲಿ 8.5ರಿಂದ 3.9ಕ್ಕೆ ಇಳಿದಿತ್ತು.

ಅಂಕಿಗಳು ಸಮ, ಆದರೆ ಅನುಭವ ಸಮವಲ್ಲ. ಕೆಟಮಿನ್ ಪಡೆದವರಿಗೆ ತಾವು ತೇಲುತ್ತಿರುವಂತೆ, ಸುತ್ತಲಿನದು ನಿಜವಲ್ಲವೆಂಬಂತೆ ಅನಿಸುತ್ತದೆ. ಮೊದಲೇ ಹೇಳಿರದಿದ್ದರೆ ಅದು ಭಯ ಹುಟ್ಟಿಸುತ್ತದೆ. ಈ ತೊಂದರೆಗೆ ಸರಳ ಪರಿಹಾರವೊಂದಿದೆ. ಒಂದು ಪ್ರಯೋಗದಲ್ಲಿ ಅದೇ ಪ್ರಮಾಣವನ್ನು ಒಂದೇ ಸಲ ತಳ್ಳಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಆ ಅನುಭವವಾದರೆ, ಸಣ್ಣ ಸಲೈನ್ ಬಾಟಲಿಗೆ ಸೇರಿಸಿ ಹದಿನೈದು ನಿಮಿಷದಲ್ಲಿ ಇಳಿಸಿದಾಗ ಅದು ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಆಯಿತು. ನೋವು ಎರಡರಲ್ಲೂ ಸಮನಾಗಿಯೇ ಇಳಿಯಿತು. ಔಷಧ ಬದಲಿಸದೆ, ಪ್ರಮಾಣ ಬದಲಿಸದೆ, ಕೊಡುವ ವೇಗವನ್ನಷ್ಟೇ ಬದಲಿಸಿ ಸಿಕ್ಕ ಲಾಭ ಇದು. ರಕ್ತದೊತ್ತಡ ಕುಸಿದಿರುವ ಅಪಘಾತದ ಗಾಯಾಳುವಿಗೆ, ಮಾರ್ಫಿನ್ ಕೊಟ್ಟರೂ ನೋವು ಇಳಿಯದವರಿಗೆ ಕೆಟಮಿನ್ ಉತ್ತಮ ಆಯ್ಕೆ. ಮಾನಸಿಕ ಭ್ರಮೆಯ ಕಾಯಿಲೆ ಇರುವವರಿಗೆ ಅಲ್ಲ.

ನಮ್ಮ ದೇಶದ ಕ್ಯಾಶುವಾಲ್ಟಿಗಳಲ್ಲಿ ಪ್ರಾಯೋಗಿಕವಾಗಿ ಹೆಚ್ಚು ಕಾಣಸಿಗುವುದು ಟ್ರಮಡಾಲ್, ಅದಕ್ಕೂ ಹಿಂದಿನಿಂದ ಪೆಂಟಾಜೊಸಿನ್. ಇವು ಮಾರ್ಫಿನ್‌ಗಿಂತ ಉತ್ತಮವೆಂಬ ಕಾರಣಕ್ಕೆ ಬಂದವಲ್ಲ, ಸುಲಭವಾಗಿ ಸಿಗುತ್ತಿದ್ದವು ಎಂಬ ಕಾರಣಕ್ಕೆ ನೆಲೆಯಾದವು. ಟ್ರಮಡಾಲ್ ಪೂರ್ಣವಾಗಿ ಕೆಲಸ ಮಾಡಲು ಲಿವರ್ ಅದನ್ನು ಇನ್ನೊಂದು ರೂಪಕ್ಕೆ ಬದಲಿಸಬೇಕು. ಆ ಸಾಮರ್ಥ್ಯ ಹುಟ್ಟಿನಿಂದಲೇ ಒಬ್ಬರಿಂದೊಬ್ಬರಿಗೆ ಬೇರೆ. ಹಾಗಾಗಿ ಒಬ್ಬರಿಗೆ ಚೆನ್ನಾಗಿ ಹಿಡಿದದ್ದು ಪಕ್ಕದ ಮಂಚದವರಿಗೆ ಹಿಡಿಯದೆ ಹೋಗಬಹುದು. ವಾಂತಿ ಹೆಚ್ಚು, ಫಿಟ್ಸ್ ಇರುವವರಿಗೆ ಅಪಾಯ, ಖಿನ್ನತೆಯ ಕೆಲವು ಮಾತ್ರೆಗಳೊಂದಿಗೆ ಹೊಂದದು. ಪೆಂಟಾಜೊಸಿನ್‌ಗೆ ಒಂದು ಮಿತಿ ಇದೆ, ಅದನ್ನು ದಾಟಿ ಎಷ್ಟು ಕೊಟ್ಟರೂ ನೋವು ಇಳಿಯದು. ಅದು ಮಾರ್ಫಿನ್‌ನ ಗ್ರಾಹಕವನ್ನು ಭಾಗಶಃ ಮುಚ್ಚುವುದರಿಂದ ಆಮೇಲೆ ಕೊಟ್ಟ ಮಾರ್ಫಿನ್ ಕೂಡ ಸರಿಯಾಗಿ ಹಿಡಿಯದಿರಬಹುದು. ಬೇರೆ ಏನೂ ಇಲ್ಲದಾಗ ಇವು ಬೇಕು. ಅಭ್ಯಾಸಬಲದಿಂದ ಮೊದಲ ಆಯ್ಕೆಯಾಗಿ ಉಳಿಯುವುದಕ್ಕೆ ಸಮರ್ಥನೆ ಕಡಿಮೆ.

ಮಾರ್ಫಿನ್ ಏಕೆ ಅಷ್ಟು ದೂರವಾಯಿತು ಎಂಬುದಕ್ಕೆ ಕಾನೂನಿನ ಹಿನ್ನೆಲೆ ಇದೆ. ಪರವಾನಗಿ ಪಡೆದು ಅಫೀಮು ಗಸಗಸೆ ಬೆಳೆಯುವ ದೇಶಗಳಲ್ಲಿ ಭಾರತವೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಬೆಳೆ, ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರಿ ಕಾರ್ಖಾನೆ. ಆದರೂ 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ, ಸಣ್ಣ ತಪ್ಪಿಗೂ ಕಠಿಣ ಶಿಕ್ಷೆ, ಒಂದರ ಮೇಲೊಂದು ಪರವಾನಗಿ ಎಂಬ ಭಯದಿಂದ ಆಸ್ಪತ್ರೆಗಳೂ ಔಷಧದಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ದೇಶದೊಳಗಿನ ವೈದ್ಯಕೀಯ ಬಳಕೆ ತೀವ್ರವಾಗಿ ಕುಸಿಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮೊದಲಾದ ಉಪಶಾಮಕ ಚಿಕಿತ್ಸಕರ ದೀರ್ಘ ಪ್ರಯತ್ನದ ಫಲವಾಗಿ 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಮಾರ್ಫಿನ್, ಫೆಂಟನಿಲ್ ಸೇರಿದಂತೆ ಕೆಲವು ಔಷಧಗಳು ಅಗತ್ಯ ಮಾದಕ ಔಷಧಗಳೆಂಬ ವರ್ಗಕ್ಕೆ ಬಂದವು. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅವನ್ನು ಇಟ್ಟುಕೊಳ್ಳುವ ದಾರಿ ಸರಳವಾಯಿತು. ಆ ತಿದ್ದುಪಡಿಯನ್ನು ಕ್ಯಾನ್ಸರ್ ನೋವಿನ ಸಂದರ್ಭದಲ್ಲೇ ಹೆಚ್ಚು ನೆನೆಯುತ್ತೇವೆ. ಹೆದ್ದಾರಿ ಬದಿಯ ಆಸ್ಪತ್ರೆಗೆ ಬರುವ ಮೂಳೆ ಮುರಿದವರಿಗೂ ಅದು ಅಷ್ಟೇ ಸಲ್ಲುತ್ತದೆ ಎಂಬುದನ್ನು ಗಟ್ಟಿಯಾಗಿ ಹೇಳಬೇಕಾಗಿದೆ.

ಚಟದ ಭಯವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ನೋವನ್ನು ನಾಡಿ, ಉಸಿರು, ತಾಪಮಾನ, ರಕ್ತದೊತ್ತಡಗಳ ಸಾಲಿನಲ್ಲಿ ಐದನೆಯ ಲಕ್ಷಣವಾಗಿ ದಾಖಲಿಸಬೇಕೆಂಬ ಚಳವಳಿ ನಡೆಯಿತು. ಅದರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಕಂಪನಿಗಳ ಆಕ್ರಮಣಕಾರಿ ಪ್ರಚಾರ ಅದರ ಜೊತೆ ಸೇರಿ, ವಾರಗಟ್ಟಲೆ ಒಪಿಯಾಯ್ಡ್ ಮಾತ್ರೆ ಬರೆದುಕೊಡುವ ಪದ್ಧತಿ ಬೆಳೆದು, ಮುಂದೆ ದೊಡ್ಡ ಅನಾಹುತವಾಯಿತು. ಆ ಪಾಠ ನಮಗೂ ಬೇಕು. ಆದರೆ ಮುರಿದ ಕಾಲಿಗೆ ಮೊದಲ ಗಂಟೆಯಲ್ಲಿ, ಕಣ್ಣೆದುರು ಕೊಡುವ ಕೆಲವು ಮಿಲಿಗ್ರಾಂ ಬೇರೆ, ಮನೆಗೆ ಕೊಟ್ಟು ಕಳಿಸುವ ಮಾತ್ರೆಯ ಪಟ್ಟಿ ಬೇರೆ. ಎರಡನೆಯದರ ಭಯವನ್ನು ಮೊದಲನೆಯದರ ಮೇಲೆ ಹೊರಿಸಿ ರೋಗಿಯನ್ನು ನರಳಿಸುವುದು ಅನ್ಯಾಯ.

ನರಳುವವರು ಯಾರು ಎಂಬ ಪ್ರಶ್ನೆಯೂ ಇದೆ. ಲಾಸ್ ಏಂಜಲೀಸ್‌ನಲ್ಲಿ ಉದ್ದ ಮೂಳೆ ಮುರಿದು ಬಂದವರ ದಾಖಲೆಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಟಿನ್ ಅಮೆರಿಕ ಮೂಲದವರಲ್ಲಿ ಶೇಕಡಾ 55 ಮಂದಿಗೆ ಯಾವ ನೋವು ನಿವಾರಕವೂ ಸಿಕ್ಕಿರಲಿಲ್ಲ. ಬಿಳಿಯರಲ್ಲಿ ಈ ಪ್ರಮಾಣ ಶೇಕಡಾ 26. ಅಟ್ಲಾಂಟಾದಲ್ಲಿ 2000ದಲ್ಲಿ ಕಪ್ಪು ಜನರ ಬಗ್ಗೆಯೂ ಇಂಥದೇ ಚಿತ್ರ ಹೊರಬಂತು. ಮೂಳೆ ಮುರಿತ ಎಕ್ಸ್-ರೇಯಲ್ಲಿ ಕಣ್ಣಿಗೆ ಕಾಣುವಂಥದು, ನೋವಿದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದ್ದರಿಂದಲೇ ಈ ಅಂಕಿಗಳು ಹೆಚ್ಚು ಕಲಕುತ್ತವೆ. ನಮ್ಮಲ್ಲಿ ಭಾಷೆ ಬಾರದ ವಲಸೆ ಕಟ್ಟಡ ಕಾರ್ಮಿಕ, ನೋವು ಹೇಳಿಕೊಳ್ಳಲು ಸಂಕೋಚಪಡುವ ಅಜ್ಜಿ, ಹತ್ತರೊಳಗೆ ಎಷ್ಟು ಎಂದರೆ ಅರ್ಥವಾಗದ ಮಗು, ಇವರ ನೋವನ್ನು ಯಾರು ಕೇಳುತ್ತಾರೆ, ಯಾರು ಬರೆದಿಡುತ್ತಾರೆ?

ಅಜ್ಜಿಯ ವಿಷಯ ಬಂದದ್ದರಿಂದ ಸೊಂಟದ ಬಳಿ ತೊಡೆಮೂಳೆ ಮುರಿದ ವೃದ್ಧರ ಬಗ್ಗೆ ಒಂದು ಮಾತು. ಮಾರ್ಫಿನ್ ಕೊಟ್ಟರೆ ಮನಸ್ಸು ಗೊಂದಲವಾಗುತ್ತದೆ, ಏನೇನೋ ಮಾತಾಡುತ್ತಾರೆ ಎಂಬ ಹೆದರಿಕೆಯಿಂದ ವೃದ್ಧರಿಗೆ ಕಡಿಮೆ ಕೊಡುವುದುಂಟು. ನ್ಯೂಯಾರ್ಕಿನಲ್ಲಿ 541 ಮಂದಿಯನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ನೋವು ತೀವ್ರವಾಗಿ ಉಳಿದವರಲ್ಲಿ, ದಿನಕ್ಕೆ 10 ಮಿಲಿಗ್ರಾಂ ಮಾರ್ಫಿನ್‌ಗೂ ಕಡಿಮೆ ಪಡೆದವರಲ್ಲಿ ಚಿತ್ತವಿಭ್ರಮೆ ಹೆಚ್ಚು. ನೋವೇ ಮನಸ್ಸನ್ನು ಕದಡುತ್ತದೆ. ಆದರೂ ಇವರಿಗೆ ಪ್ಯಾರಾಸಿಟಮಾಲ್ ಬಾಟಲಿಯನ್ನು ಮೊದಲು ಹಾಕಿ, ಮಾರ್ಫಿನ್ ಅನ್ನು ಒಂದೊಂದೇ ಮಿಲಿಗ್ರಾಂ ಕೊಟ್ಟು, ಸಾಧ್ಯವಿದ್ದಲ್ಲಿ ತೊಡೆಸಂದಿಯ ನರದ ಸುತ್ತ ಮರಗಟ್ಟಿಸುವ ಔಷಧ ಚುಚ್ಚುವುದು ವಿಹಿತ. ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುವ ಈ ಬ್ಲಾಕ್, ಚೆನ್ನಾಗಿ ಕೂತರೆ, ಗಂಟೆಗಟ್ಟಲೆ ಮಾರ್ಫಿನ್‌ನ ಅಗತ್ಯವನ್ನೇ ತಗ್ಗಿಸುತ್ತದೆ. ಕಾಲು ಮರಗಟ್ಟಿಸುವ ಮುನ್ನ ಬೆರಳುಗಳ ಸ್ಪರ್ಶ, ಚಲನೆ, ನಾಡಿಗಳನ್ನು ನೋಡಿ ಬರೆದಿಡಬೇಕು. ಮೊಣಕಾಲಿನ ಕೆಳಗಿನ ಮುರಿತದಲ್ಲಿ ಸ್ನಾಯುಗಳೊಳಗೆ ಒತ್ತಡ ಏರಿ ರಕ್ತಸಂಚಾರ ನಿಲ್ಲುವ ಅಪಾಯವಿದೆ. ಅದರ ಮೊದಲ ಗುರುತು ಔಷಧಕ್ಕೂ ಬಗ್ಗದ, ಬೆರಳು ಮಡಚಿದರೆ ಹೆಚ್ಚುವ ನೋವು. ಮಾರ್ಫಿನ್ ಈ ಗುರುತನ್ನು ಮುಚ್ಚಿಬಿಡುತ್ತದೆ ಎಂದು ಹೆದರಿ ಔಷಧವನ್ನೇ ಕೊಡದಿರುವುದು ಸರಿಯಲ್ಲ. ಕೊಟ್ಟೂ ನೋವು ಏರುತ್ತಿದ್ದರೆ ಆ ಏರಿಕೆಯೇ ಎಚ್ಚರಿಕೆ, ಅದನ್ನು ಕೇಳಲು ಮತ್ತೆ ಹೋಗಬೇಕು ಅಷ್ಟೇ.

ಮಕ್ಕಳಿಗೆ ಸೂಜಿಯೇ ಒಂದು ಗಾಯ. ಆಸ್ಟ್ರೇಲಿಯಾದಲ್ಲಿ ಉದ್ದ ಮೂಳೆ ಮುರಿದ ಮಕ್ಕಳ ಮೂಗಿಗೆ ಫೆಂಟನಿಲ್ ತುಂತುರು ಹಾಕಿ, ರಕ್ತನಾಳದ ಮಾರ್ಫಿನ್‌ಗೆ ಹೋಲಿಸಿದಾಗ ಎರಡೂ ಸಮವಾಗಿ ಕೆಲಸ ಮಾಡಿದ್ದು 2007ರಲ್ಲಿ ವರದಿಯಾಯಿತು. ಸಿರಿಂಜಿಗೆ ಸಿಕ್ಕಿಸುವ ಸಣ್ಣ ತುಂತುರು ತುದಿ ಇದ್ದರೆ ಸಾಕು.

ಔಷಧಕ್ಕೂ ಮೊದಲಿನ ನೋವು ನಿವಾರಣೆ ಮುರಿದ ಭಾಗವನ್ನು ಅಲುಗದಂತೆ ಕಟ್ಟುವುದು. ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಸೈನಿಕರಿಗೆ ಗಾಯವಾದಲ್ಲೇ ಥಾಮಸ್ ಸ್ಪ್ಲಿಂಟ್ ಕಟ್ಟತೊಡಗಿದ ಮೇಲೆ ಸಾವಿನ ಪ್ರಮಾಣ ಶೇಕಡಾ 80ರ ಆಸುಪಾಸಿನಿಂದ 20ರ ಆಸುಪಾಸಿಗೆ ಇಳಿಯಿತು ಎಂದು ಆ ಕಾಲದ ಶಸ್ತ್ರವೈದ್ಯರು ದಾಖಲಿಸಿದ್ದಾರೆ. ನಮ್ಮ ಜನ ನಾಟಿ ವೈದ್ಯರ ಪುತ್ತೂರು ಕಟ್ಟಿನ ಕಡೆಗೆ ಹೋಗುವುದರಲ್ಲೂ ಕಟ್ಟಿದರೆ ನೋವು ಇಳಿಯುತ್ತದೆ ಎಂಬ ಅನುಭವದ ಪಾಲಿದೆ. ಬಿಗಿ ಕಟ್ಟಿನಿಂದ ರಕ್ತಸಂಚಾರ ನಿಂತು ಕೈಕಾಲು ಕಳೆದುಕೊಳ್ಳುವ ಅಪಾಯವನ್ನು ಹೇಳುವಾಗಲೂ ಆ ಅನುಭವವನ್ನು ಅಲ್ಲಗಳೆಯಬೇಕಿಲ್ಲ.

ಸಭಿಕರೇ, ಇದುವರೆಗಿನ ಪ್ರಯೋಗಗಳು ಅಳೆದದ್ದು ಹೆಚ್ಚಾಗಿ ಮಲಗಿರುವ ರೋಗಿಯ ನೋವನ್ನು, ಗಡಿಯಾರ ನೋಡಿ ಹದಿನೈದು, ಮೂವತ್ತು, ಅರವತ್ತನೇ ನಿಮಿಷಕ್ಕೆ. ಮೂಳೆ ಮುರಿದವರ ಅತಿ ಕಠಿಣ ನೋವು ಬರುವುದು ಅಲುಗಿಸಿದಾಗ. ಎಕ್ಸ್-ರೇ ಮೇಜಿಗೆ ಎತ್ತಿದ ಕ್ಷಣದ ನೋವಿನ ಅಂಕಿ, ಬಾಗಿಲು ದಾಟಿ ಬಂದ ಹೊತ್ತಿನಿಂದ ಮೊದಲ ಡೋಸಿನವರೆಗೆ ಹಿಡಿದ ನಿಮಿಷಗಳು, ಎರಡನೇ ಡೋಸು ಬೇಕಾದವರಲ್ಲಿ ಅದು ಸಿಕ್ಕವರೆಷ್ಟು, ಈ ಮೂರನ್ನು ದಾಖಲಿಸುವ ಹೋಲಿಕೆ ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ನಡೆಯಬಹುದಾದದ್ದು. ಪ್ಯಾರಾಸಿಟಮಾಲ್ ಜೊತೆ ಏರಿಸಿ ಕೊಡುವ ಮಾರ್ಫಿನ್ ಒಂದು ಗುಂಪಿಗೆ, ಅದೇ ಪ್ಯಾರಾಸಿಟಮಾಲ್ ಜೊತೆ ಹದಿನೈದು ನಿಮಿಷದಲ್ಲಿ ಇಳಿಸುವ ಸಣ್ಣ ಪ್ರಮಾಣದ ಕೆಟಮಿನ್ ಇನ್ನೊಂದಕ್ಕೆ. ಎರಡೂ ಹೊಸ ಔಷಧಗಳಲ್ಲ, ದುಬಾರಿಯೂ ಅಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಿಗೆ ವಿಷಯ ಹುಡುಕುವವರು ಈ ಸಭೆಯಲ್ಲೇ ಇದ್ದಾರೆ. ಕೆಲಸವನ್ನು ಅವರು ಕೈಗೆತ್ತಿಕೊಳ್ಳಲಿ ಎಂದು ಕೋರಿ ಈ ಉಪನ್ಯಾಸವನ್ನು ಮುಗಿಸಲಾಗುತ್ತಿದೆ.